ಬಾರಿಸದೆ ಬಿಟ್ಟ ಕಲ್ಲು

ರಾವೂರ, ೨೦೨೫ ಜನವರಿ ೧೯, ರವಿವಾರ

ಈ ಪುಸ್ತಕ ತೆರೆದಿರುವ ನೀನು ಯಾರೇ ಇರು, ನಿನಗೆ ನಾಚಿಕೆ ಇದ್ದಂತಿಲ್ಲ. ಬೇರೆಯವರ ಟ್ರಂಕಿನಲ್ಲಿ, ಬೇರೆಯವರ ಸೀರೆಯ ಕೆಳಗೆ ಇಟ್ಟದ್ದನ್ನು ಹುಡುಕಿ ತೆಗೆದು ಓದುವಷ್ಟು ಪುರಸೊತ್ತು ನಿನಗೆ ಎಲ್ಲಿಂದ ಬಂತು? ಅಂಗಳದ ಕಸ ಹೊಡೆದಾಯಿತೇ? ಕೊಡ ತುಂಬಿದವೇ? ಅಕ್ಷರ ಸೊಟ್ಟ ಇವೆ ಎಂದು ನಗಬೇಡ. ಮೂರನೆಯ ಇಯತ್ತೆಗೆ ನನ್ನನ್ನು ಶಾಲೆ ಬಿಡಿಸಿ ಕಲ್ಲಿನ ಖಣಿಗೆ ಹಚ್ಚಿದರು. ಈ ಕೈ ಪೆನ್ನು ಹಿಡಿದದ್ದು ಕಡಿಮೆ, ಸುತ್ತಿಗೆ ಹಿಡಿದದ್ದು ಹೆಚ್ಚು. ಮುಚ್ಚಿ ಇಡು. ಇಟ್ಟಿರಲಿಕ್ಕಿಲ್ಲ. ಮಾತು ಕೇಳುವವರು ಟ್ರಂಕಿಗೆ ಕೈ ಹಾಕುತ್ತಾರೆಯೇ?

ಬಚ್ಚಲಿನ ಫರಸಿ ಕಲ್ಲಿನ ಮೇಲೆ ಜಾರಿ ಎಡಗಾಲು ಮುರಿದುಕೊಂಡು ಇಂದಿಗೆ ಹನ್ನೊಂದು ದಿನ. ಆ ಫರಸಿ ನಾನೇ ಖಣಿಯಿಂದ ತೆಗೆದದ್ದು. ಸಾಕಿದ ನಾಯಿಯೇ ಕಚ್ಚಿದ ಹಾಗಾಯಿತು. ಮಗ ಸೂರ್ಯಕಾಂತ ಆಡಕಿಯ ಶಾಲೆಗೆ ಮಾಸ್ತರ, ಸೊಸೆ ಯಶೋಧರಾ ಚಿತ್ತಾಪುರದ ದವಾಖಾನೆಗೆ ನರ್ಸಮ್ಮ. ಬೆಳಿಗ್ಗೆ ಇಬ್ಬರೂ ಹೊರಟರೆ ಮನೆಯಲ್ಲಿ ಉಳಿಯುವುದು ಮಂಚದ ಮೇಲೆ ನಾನು, ಮೂಲೆಯ ಕಂಪ್ಯೂಟರಿನ ಮುಂದೆ ಮೊಮ್ಮಗಳು ಲುಂಬಿನಿ. ಸೊಸೆ ದವಾಖಾನೆಯ ಖಾಲಿ ರಿಜಿಸ್ಟರು ತಂದುಕೊಟ್ಟು, ಹೊತ್ತು ಹೋಗದಿದ್ದರೆ ಬರೆಯಿರಿ ಎಂದಳು. ಬಾಯಿ ಮುಚ್ಚಿಕೊಂಡಿರಿ ಎನ್ನುವುದನ್ನು ಓದಿದವರು ಹೀಗೆ ಹೇಳುತ್ತಾರೆ.

ಲುಂಬಿನಿ ಕಲಬುರಗಿಯಲ್ಲಿ ಕಂಪ್ಯೂಟರ್ ಓದಿ ಬಂದವಳು. ನೌಕರಿ ಹುಡುಕದೆ ಗೇಮ್ ಮಾಡುತ್ತಿದ್ದಾಳೆ. ಕಂಪನಿಗೆ ಅಲ್ಲ, ತಾನೊಬ್ಬಳೇ, ತನ್ನ ಮನಸ್ಸಿಗೆ ಬಂದದ್ದು. ಸೂರ್ಯಕಾಂತ ಒಂದು ವರ್ಷ ಬಿಟ್ಟಿದ್ದಾನೆ. ಈ ಬೇಸಿಗೆಗೆ ಮುಗಿಯದಿದ್ದರೆ ಸೇಡಂನ ಒಂದು ಶಾಲೆಯಲ್ಲಿ ಅವಳಿಗೆ ಜಾಗ ನೋಡಿ ಇಟ್ಟಿದ್ದಾನೆ.

ಜನವರಿ ೨೭

ಲುಂಬಿನಿ ಒಂದು ಫರಸಿಯ ತುಂಡು, ನನ್ನ ಹಳೆಯ ಸುತ್ತಿಗೆ ತಂದು ಮಂಚದ ಮೇಲೆ ಇಟ್ಟಳು.

"ಆಯಿ, ಇದನ್ನ ಬಾರ್ಸು."

"ನನ್ನ ಕಾಲು ಮುರಿದದ, ತಲಿ ಕೆಟ್ಟಿಲ್ಲ."

"ಗೇಮಿಗಿ ಸಪ್ಪಳ ಬೇಕು. ಗಟ್ಟಿ ಕಲ್ಲಿಂದು ಹ್ಯಾಂಗಿರ್ತದ, ಒಡಕ ಕಲ್ಲಿಂದು ಹ್ಯಾಂಗಿರ್ತದ, ನೀನೇ ಅಲ್ಲ ಹೇಳೋಕಿ?"

ಬಾರಿಸಿದೆ. ಗಟ್ಟಿ ಫರಸಿ ಕಂಚಿನ ತಾಟಿನಂತೆ ಖಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಹಸಿ ಗೋಡೆಗೆ ಹೊಡೆದಂತೆ ಬದ್. ನಮ್ಮ ಕಡೆಯ ಕಲ್ಲು ರೊಟ್ಟಿ ಪೇರಿಸಿದ ಹಾಗೆ ಪದರು ಪದರು. ಕೆಳಗಿನ ಪದರು ತೆಗೆಯುತ್ತ ಹೋದರೆ ಮೇಲಿನದು ಚಪ್ಪರದಂತೆ ಮುಂದೆ ಚಾಚಿ ನಿಲ್ಲುತ್ತದೆ. ಅದರ ಅಡಿಗೆ ಹೋಗಿ ಒಬ್ಬರು ಬೆಣೆ ಹೊಡೆಯಬೇಕು. ಅವರು ಹೋಗುವ ಮೊದಲು ಮೇಲೆ ಇದ್ದವಳು ಆ ಚಪ್ಪರವನ್ನು ಈ ತುದಿಯಿಂದ ಆ ತುದಿಯವರೆಗೆ ಬಾರಿಸಿ ಕೇಳಬೇಕು. ಎಲ್ಲ ಕಡೆ ಖಣ್ ಎಂದರೆ "ನಿಂತದ" ಎಂದು ಕೂಗಬೇಕು. ಕೆಳಗಿನವಳು "ಬಂದೆ" ಎಂದು ಅಡಿಗೆ ಹೋಗುತ್ತಾಳೆ. ಈ ಎರಡು ಮಾತಿನ ನಡುವೆ ನಾವು ಬದುಕಿದೆವು.

ಗೇಮಿನಲ್ಲಿ ಮೇಲಿನ ಹೆಂಗಸು ಆಡುವವರ ಕೈಯಲ್ಲಿ ಇರುತ್ತಾಳಂತೆ. ಬಾರಿಸಬೇಕು, ಕಿವಿಗೊಡಬೇಕು, ಕೂಗಬೇಕು. ಆಟದ ಹೆಸರೇ "ನಿಂತದ".

"ಇದು ನೋಡೋ ಆಟ ಅಲ್ಲ ಆಯಿ, ಕೇಳೋ ಆಟ. ನಿನ್ನ ಕಿವಿ ಇದರಾಗ ಹಾಕ್ತೀನಿ."

ನನ್ನ ಕಿವಿಗೆ ಏನು ಗೊತ್ತಿದೆ ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಗುತ್ತೇದಾರ ಕೇಳಲಿಲ್ಲ, ಗಂಡ ಕೇಳಲಿಲ್ಲ. ಸುತ್ತಿಗೆಯನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡೆ.

"ಕೆಳಗ ಯಾರಿರ್ತಿದ್ರು ಆಯಿ?"

"ಇರ್ತಿದ್ರು ಯಾರೋ ಒಬ್ರು," ಎಂದೆ.

ಫೆಬ್ರವರಿ ೮

ಗೇಮಿನ ಸಣ್ಣ ಸಣ್ಣ ತುಂಡು ಫೋನಿನಲ್ಲಿ ಬಿಡುತ್ತಾಳೆ. ಎಲ್ಲೆಲ್ಲಿಯೋ ಇರುವವರು ನೋಡಿ ಹಾರ್ಟು ಒತ್ತುತ್ತಾರೆ, ಬುದ್ಧಿ ಹೇಳುತ್ತಾರೆ. ಅವರಲ್ಲಿ ಪಂಗಡಗಳಿವೆ. ಒಂದು ಪಂಗಡಕ್ಕೆ ನಾನು ಚಹಾದವರು ಎಂದು ಹೆಸರಿಟ್ಟಿದ್ದೇನೆ. ಯಾರ ಪಟ ನೋಡಿದರೂ ಒಂದು ಚಹಾ ಕಪ್ಪು, ಒಂದು ಕಂಬಳಿ, ಒಂದು ಬೆಕ್ಕು. ಆಟ ಅಂದರೆ ಅವರಿಗೆ ಜೋಗುಳ ಹಾಡಿದ ಹಾಗೆ ಇರಬೇಕಂತೆ. ಧೂಳು ಬೇಡ, ಬೆವರು ಬೇಡ. ಖಣಿಯಲ್ಲಿ ಹೂವಿನ ಗಿಡ ಇದ್ದರೆ ಚಂದವಂತೆ.

ಲುಂಬಿನಿ ಹೂವು ನೆಟ್ಟಳು. ಬೆಕ್ಕು ತಂದಳು.

"ಖಣ್ಯಾಗ ಬೆಕ್ಕು ಎಲ್ಲಿಂದ ಬಂತು?"

"ಮಂದಿಗಿ ಬೇಕಂತ."

"ನಾಳಿ ಮಂದಿಗಿ ಆನಿ ಬೇಕಂದ್ರ?"

"ಆನಿ ಇನ್ನಾ ಯಾರೂ ಕೇಳಿಲ್ಲ."

ಕಣ್ಣೆದುರಿಗೇ ಧೂಳು ತೆಗೆದಳು. ನನ್ನ ಗಂಡನ ಎದೆಯಲ್ಲಿ ಹನ್ನೆರಡು ವರ್ಷ ಕೂತು ಅವನನ್ನು ತೆಗೆದುಕೊಂಡೇ ಎದ್ದ ಧೂಳು, ಒಂದು ಗುಂಡಿ ಒತ್ತಿದರೆ ಹೋಯಿತು.

ಫೆಬ್ರವರಿ ೧೧

ಬೆಕ್ಕಿಗೆ ಹೆಸರಿಡಲು ಆರುನೂರು ಮಂದಿ ಓಟು ಹಾಕಿದರಂತೆ. ಬಾರಿಸುವ ಹೆಂಗಸಿಗೆ ಇನ್ನೂ ಹೆಸರಿಲ್ಲ.

ಫೆಬ್ರವರಿ ೨೩

ಈಗ ಇನ್ನೊಂದು ಪಂಗಡ. ಗಡಿಯಾರದವರು. ಯಾವ ಆಟವನ್ನಾದರೂ ಎಲ್ಲರಿಗಿಂತ ಮೊದಲು ಮುಗಿಸಿ, ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ತೋರಿಸುವುದೇ ಅವರ ಬಾಳು. ಬಾರಿಸಿ ಬಾರಿಸಿ ಕೇಳುವುದು ಅವರಿಗೆ ಬೇಸರವಂತೆ. ಒಬ್ಬ ಬರೆದದ್ದನ್ನು ಲುಂಬಿನಿ ಕನ್ನಡದಲ್ಲಿ ಹೇಳಿದಳು: "ಹತ್ತರಲ್ಲಿ ಒಂಬತ್ತು ಸಲ ಕಲ್ಲು ಗಟ್ಟಿಯೇ ಇರುತ್ತದೆ. ಪ್ರತಿ ಸಲ ಏಕೆ ಬಾರಿಸಬೇಕು? ಸ್ಕಿಪ್ ಕೊಡಿ."

ಸ್ಕಿಪ್ ಅಂದರೆ ಬಾರಿಸದೆಯೇ ಮುಂದೆ ಹೋಗುವ ಗುಂಡಿ. ಒತ್ತಿದರೆ ಹೆಂಗಸು ತಾನೇ "ನಿಂತದ" ಎಂದು ಕೂಗಿಬಿಡುತ್ತಾಳೆ.

ಬಾಯಿಗೆ ಬಂದಂತೆ ಬೈದೆ. "ಕೆಳಗ ಹೋಗೋದು ಅವನ ಅವ್ವ ಏನು? ಕಲ್ಲಿಗಿ ಕಿವಿಗೊಡದವನ ಕಿವಿ ಎದಕ್ಕದಾವ, ಬೀಡಿ ಸಿಕ್ಕಿಸ್ಲಿಕ್ಕ? ಇಂಥವನಿಗಿ ಖಣ್ಯಾಗ ಮೂರು ದಿನ ಇಟ್ರ, ನಾಲ್ಕನೇ ದಿನ ಅವನೇ ಇರಲ್ಲ."

ಬೈದಾದ ಮೇಲೆ ತಲೆದಿಂಬಿನ ಹತ್ತಿರದ ಸುತ್ತಿಗೆಯನ್ನು ಮಂಚದ ಕೆಳಗೆ ಸರಿಸಿದೆ. ನಿದ್ದೆಯಲ್ಲಿ ತಲೆಗೆ ಚುಚ್ಚುತ್ತದೆ.

ಮಾರ್ಚ್ ೨

ಆ ಬೈಗುಳವನ್ನು ಲುಂಬಿನಿ ನನಗೆ ತಿಳಿಯದಂತೆ ಫೋನಿನಲ್ಲಿ ಹಿಡಿದು ಬಿಟ್ಟಿದ್ದಾಳೆ. ನಲವತ್ತು ಸಾವಿರ ಮಂದಿ ನೋಡಿದರಂತೆ. ರಾವೂರ, ವಾಡಿ ಎರಡೂ ಕೂಡಿಸಿದರೂ ಅಷ್ಟು ತಲೆ ಸಿಗುತ್ತವೋ ಇಲ್ಲವೋ.

ಹೇಳದೆ ಕೇಳದೆ ನನ್ನ ಮೋರೆ ಬೀದಿಗೆ ಇಟ್ಟಿದ್ದಕ್ಕೆ ಅವಳಿಗೂ ಬೈದೆ. ಸಂಜೆಯ ತನಕ ಮಾತಾಡಿಸಲಿಲ್ಲ. ಸಂಜೆ, ಏನು ಬರೆದಿದ್ದಾರೆ ಓದು ಎಂದೆ.

ಸ್ಕಿಪ್ ಗುಂಡಿಯನ್ನೂ ಇಟ್ಟಿದ್ದಾಳೆ. ಬೈದದ್ದಕ್ಕೂ ಹಾರ್ಟು, ಬೈಸಿಕೊಂಡ ಗುಂಡಿಗೂ ಹಾರ್ಟು.

ಮಾರ್ಚ್ ೬

ಇಂದು ಚಹಾದವರಿಗೆ ಬೈದೆ. ನೀಲಿ ಸೀರೆ ಉಟ್ಟುಕೊಂಡಿದ್ದೆ, ಮನೆಯ ಸೀರೆ ಒಗೆಯಲು ಹಾಕಿದ್ದರಿಂದ. ಮಂಚವನ್ನು ಕಿಟಕಿಯ ಕಡೆ ಎಳೆಸಿದ್ದೇನೆ. ಅಲ್ಲಿ ಗಾಳಿ ಚೆನ್ನಾಗಿದೆ. ಬೆಳಕೂ ಬೀಳುತ್ತದೆ.

ರಾತ್ರಿಯೊಳಗೆ ಅರವತ್ತೆರಡು ಸಾವಿರ.

ಮಾರ್ಚ್ ೧೪

ಕಾಲಿನ ಪಟ್ಟಿ ಬಿಚ್ಚಿದರು. ಕೋಲು ಹಿಡಿದು ಅಡುಗೆಮನೆಯ ತನಕ ಹೋಗಿ ಬಂದೆ. ಯಶೋಧರಾ ಸಂತೋಷಪಟ್ಟಳು.

ಮೊನ್ನೆ ಬೈದ ಇನ್ನೊಂದು ಬೈಗುಳಕ್ಕೆ ಒಂಬತ್ತೇ ಸಾವಿರ. ಬೈಗುಳ ಸಪ್ಪೆ ಇತ್ತು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ.

ಮಾರ್ಚ್ ೧೮

ಲುಂಬಿನಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಗೇಮಿನ ಹೆಸರು ಬರೆದಿಟ್ಟುಕೊಂಡು ಕಾಯುವವರು ಹೆಚ್ಚುತ್ತಿಲ್ಲವಂತೆ. ಅಜ್ಜಿಯ ಬೈಗುಳ ಕೇಳಿ ನಗುತ್ತಾರೆ, ಆಟ ಬೇಡವಂತೆ. ಅಪ್ಪ ಸೇಡಂ ಶಾಲೆಯ ಮಾತು ಮತ್ತೆ ತೆಗೆದಿದ್ದಾನೆ.

ಇಂದು ಮಧ್ಯಾಹ್ನ ಫೋನು ನನ್ನ ಮುಂದೆ ನಿಲ್ಲಿಸಿ, ಮಂದಿ ಕೇಳಿದ್ದನ್ನು ಒಂದೊಂದಾಗಿ ಓದುತ್ತಿದ್ದಳು. ಮೂರನೆಯ ಪಂಗಡವೊಂದಿದೆ, ದೆವ್ವದವರು. ಅಂಜಿಕೊಳ್ಳುವುದೇ ಅವರ ಹಬ್ಬ. ಅವರಲ್ಲೊಬ್ಬಳು ಕೇಳಿದ್ದಳು: "ಅಜ್ಜಿ, ಕಲ್ಲಿನ ಕೆಳಗೆ ಹೋದವರು ಯಾರಾದರೂ ವಾಪಸ್ ಬರದೆ ಇದ್ದದ್ದು ಉಂಟೇ?"

ಹೇಳಿದೆ. ನಲವತ್ತೊಂದು ವರ್ಷದ ಹಿಂದೆ ನಾವು ಮೂವರು ಒಂದೇ ಖಣಿಯಲ್ಲಿದ್ದೆವು, ನಾನು, ದಾನಮ್ಮ, ಇಮಾಮ್‌ಬೀ. ದಾನಮ್ಮ ನನ್ನ ಓಣಿಯವಳೇ, ನನಗೆ ಅಕ್ಕನಿದ್ದಂತೆ. ಒಂದು ದಿನ ನಾನು ಮೇಲಿನ ಪದರು ಬಾರಿಸಿದೆ. ಬದ್ ಎಂದಿತು. ಹೋಗಬೇಡ ಎಂದು ಕೂಗಿದೆ. ದಾನಮ್ಮ ಹಟಮಾರಿ, ಕೇಳಲಿಲ್ಲ. "ಬಂದೆ" ಎಂದು ಅಡಿಗೆ ಹೋದಳು. ಕಲ್ಲು ಬಿತ್ತು.

ಲುಂಬಿನಿ ಫೋನನ್ನು ಇನ್ನೂ ಹತ್ತಿರ ತಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಆಮ್ಯಾಲ ಆಕಿ ದನಿ ಯಾರಿಗರ ಕೇಳ್ಯದೇನ ಆಯಿ?"

"ನಡು ಮಧ್ಯಾಹ್ನ ಆ ಖಣಿ ದಂಡಿಗಿ ನಿಂತ್ರ ಈಗ್ಲೂ ಕೇಳ್ತದ. ಬಂದೆ, ಅಂತದ," ಎಂದೆ.

ದೆವ್ವದ ಮಾತು ಈ ಮನೆಯಲ್ಲಿ ಆಡಿದರೆ ಸೂರ್ಯಕಾಂತ ಸಿಟ್ಟಾಗುತ್ತಾನೆ. ನಾನೇ ಅವನಿಗೆ ಕಲಿಸಿದ್ದು, ದೆವ್ವ ಇಲ್ಲ ಎಂದು. ಕಥೆಗೆ ಒಂದು ಚಿಟಿಕೆ ಉಪ್ಪು ಎಲ್ಲರೂ ಹಾಕುತ್ತಾರೆ.

ಮಾರ್ಚ್ ೨೦

ಎರಡೂವರೆ ಲಕ್ಷ.

ಮಾರ್ಚ್ ೨೯

ಲುಂಬಿನಿ ಹನ್ನೊಂದು ದಿನ ಕೂತಲ್ಲಿಂದ ಏಳದೆ ಆಟವನ್ನೇ ತಿರುವಿ ಹಾಕಿದ್ದಾಳೆ. ಬೆಕ್ಕು ಹೋಯಿತು, ಹೂವು ಹೋಯಿತು. ಖಣಿ ತುಂಬ ಕತ್ತಲೆ. ಧೂಳು ತಿರುಗಿ ಬಂದಿದೆ, ಈಗ ಅದು ಹೊಗೆಯಂತೆ ಚಂದ ಕಾಣುತ್ತದಂತೆ. ಆಡುವವರು ಬಾರಿಸುವಾಗ ಕೆಳಗಿನಿಂದ ತಲೆಯೊಡೆದ ಹೆಂಗಸು ಒಬ್ಬಳು "ಬಂದೆ" ಎಂದು ಏರಿ ಬರುತ್ತಾಳೆ. ಆಟದ ಹೆಸರು ಬದಲಾಗಿದೆ. "ದಾನಮ್ಮ".

ಆಡಿ ತೋರಿಸಿದಳು. ಆ ಹೆಂಗಸಿಗೆ ದೊಡ್ಡ ಮೂಗುತಿ. ದಾನಮ್ಮನಿಗೆ ಮೂಗುತಿ ಇರಲಿಲ್ಲ. ಎಡಗೈಯ ಮೇಲೆ ಚೇಳಿನ ಹಚ್ಚೆ ಇತ್ತು. ಹೇಳಲಿಲ್ಲ. ಹೇಳಿದರೆ ಅದನ್ನೂ ಹಾಕುತ್ತಾಳೆ.

ಹೈದರಾಬಾದಿನ ಒಂದು ಕಂಪನಿ ತಾನೇ ಬರೆದು ಕೇಳಿದೆಯಂತೆ, ನಾವು ಇದನ್ನು ಹೊರಗೆ ತರುತ್ತೇವೆ ಎಂದು. ಬಿಡುಗಡೆ ಮೇ ಎರಡನೆಯ ತಾರೀಖು. ಸೂರ್ಯಕಾಂತ ಮಗಳ ತಲೆಯ ಮೇಲೆ ಕೈಯಿಟ್ಟ. ಅವಳು ನನ್ನನ್ನು ತಬ್ಬಿಕೊಂಡು "ಎಲ್ಲಾ ನಿನ್ನಿಂದ ಆಯಿ" ಎಂದಳು.

ಹೌದು, ನನ್ನಿಂದಲೇ.

ಏಪ್ರಿಲ್ ೫

ಕೋಲು ಹಿಡಿದು ಮೊದಲ ಸಲ ಓಣಿಗೆ ಇಳಿದೆ. ಜೋಳ ಬೀಸಿಸುವ ನೆಪ ಮಾಡಿ ಬಸ್ಸಮ್ಮನ ಗಿರಣಿಗೆ ಹೋದೆ. ಬಸ್ಸಮ್ಮ ದಾನಮ್ಮನ ಮಗಳು. ಅವ್ವ ಸತ್ತಾಗ ಆರು ವರ್ಷದವಳು. ಎರಡು ವರ್ಷ ನನ್ನ ತಾಟಿನಲ್ಲೇ ಉಂಡಳು, ನನಗೆ ಚಿಗವ್ವ ಅನ್ನುತ್ತಾಳೆ.

ಗಿರಣಿಯ ಮುಂದೆ ಹುಡುಗರು ಲಗೋರಿ ಆಡುತ್ತಿದ್ದರು. ಒಬ್ಬನು ಜೋಡಿಸಿದ ಕಲ್ಲಿನ ಕಡೆ ಓಡಿದರೆ ಉಳಿದವರು ಕೂಗಿದರು, "ಏ, ದಾನಮ್ಮ ಆಗಬ್ಯಾಡೋ." ಹೇಳಿದ ಮಾತು ಕೇಳದೆ ಹೋಗಿ ಸಾಯುವ ದಡ್ಡರಿಗೆ ಫೋನಿನಲ್ಲಿ ಈಗ ಇದೇ ಹೆಸರಂತೆ. ಇನ್ನೊಬ್ಬ ಗಿರಣಿಯ ಬಾಗಿಲಿಗೆ ಬಂದು, ದನಿ ದಪ್ಪ ಮಾಡಿ, "ಬಂದೇ" ಎಂದು ಓಡಿಹೋದ.

ಬಸ್ಸಮ್ಮ ಗಿರಣಿ ನಿಲ್ಲಿಸಿದಳು. ಹಿಟ್ಟು ಹತ್ತಿದ ಮೋರೆ ಒರೆಸಿಕೊಳ್ಳಲಿಲ್ಲ.

"ಚಿಗವ್ವಾ, ನಮ್ಮವ್ವ ಅಷ್ಟು ಹಟ ಮಾಡಾಕಿ ಇದ್ದಳೇನ?"

ನಾನು ಜೋಳದ ಚೀಲದ ಬಾಯಿ ಕಟ್ಟುತ್ತಿದ್ದೆ.

"ನಂಗ ಆಕಿ ಮಾರಿ ನೆಪ್ಪಿಲ್ಲ. ಮೈ ಮ್ಯಾಗಿನ ಧೂಳಿನ ವಾಸನಿ ಒಂದು ನೆಪ್ಪದ. ನೀ ಹೇಳಿದ್ದೇ ನನಗ ಅವ್ವ. ಇಷ್ಟು ವರ್ಷ ಹಟದ ಮಾತು ಒಂದಿನ ಆಡಿರಲಿಲ್ಲ ನೀ. ನಂಗ ಹೇಳಿಲ್ಲ, ಲಕ್ಷ ಮಂದಿಗಿ ಹೇಳಿದಿ."

"ಹುಡುಗಿ ಕೇಳಿದಳು, ಹೇಳಿದೆ."

"ಹಂಗಾದ್ರ ಖರೆ ಏನ?"

"ಜೋಳ ನಾಳಿ ಬೀಸು," ಎಂದು ಬಂದುಬಿಟ್ಟೆ.

ಏಪ್ರಿಲ್ ೯

ವಾಡಿಯಿಂದ ಇಮಾಮ್‌ಬೀ ನನ್ನ ಕಾಲು ನೋಡಲು ಬಂದಿದ್ದಳು. ಬಾಳೆಹಣ್ಣು ತಂದಿದ್ದಳು, ಅರ್ಧ ಅವಳೇ ತಿಂದಳು. ಲುಂಬಿನಿ ಆ ಅಜ್ಜಿಯನ್ನೂ ವಿಡಿಯೊ ಮಾಡಲೇ ಎಂದು ಫೋನು ಹಿಡಿದು ಬಂದಾಗ, "ನನ್ನ ಹಲ್ಲು ಮನಿಯಾಗ ಬಿಟ್ಟು ಬಂದೀನವ್ವ, ಇನ್ನೊಮ್ಮಿ ನೋಡಮು" ಎಂದು ನಗಿಸಿ ಹೊರಗೆ ಕಳಿಸಿದಳು. ಬಾಗಿಲು ತಾನೇ ಮುಂದಕ್ಕೆ ಮಾಡಿದಳು. ಕಾಲು ನೋಡಲು ಬಂದವಳಲ್ಲ ಎಂದು ಆಗ ನನಗೆ ತಿಳಿಯಿತು.

"ಮೊಮ್ಮಗ ತೋರಿಸ್ದ, ನಿನ್ನ ಕಥಿ. ಛಲೋ ಹೇಳ್ತಿ ಶಿವ್ವಕ್ಕ. ಕಣ್ಣಾಗ ನೀರು ಸೈತ ತರ್ತಿ."

ನಾನು ಬಾಳೆಹಣ್ಣಿನ ಸಿಪ್ಪೆ ಕೂಡಿಸತೊಡಗಿದೆ.

"ನಾ ಅಲ್ಲೇ ಇದ್ದೆ ಆವತ್ತು. ಲಾರಿ ಹತ್ರ. ಡ್ರೈವರ ಹಾರನ್ ಹೊಡೆಯಾಕತ್ತಿದ್ದ. ನಿನ್ನ ಸುತ್ತಿಗಿ ಎಲ್ಲಿತ್ತು?"

"ಇಮಾಮ್‌ಬೀ."

"ಲಾರಿ ಗಾಲಿ ಬಲ್ಯಾಕ ಇತ್ತು. ನನ್ನ ಕಾಲ ಹತ್ರ. ನೀ ಖಾಲಿ ಕೈಲೆ ಮ್ಯಾಲ ನಿಂತು ಕೂಗಿದಿ. ನಲವತ್ತು ವರ್ಷ ನಾ ಬಾಯಿ ಬಿಟ್ಟಿಲ್ಲ. ಯಾಕಂದ್ರ ನೀನೂ ಬಿಟ್ಟಿದ್ದಿಲ್ಲ. ಈಗ ನೀ ಬಿಟ್ಟಿದಿ. ಹಂಗಾದ್ರ ನಾನೂ ಬಿಡ್ಲೇನ?"

ಬಸ್ಸಿನ ತನಕ ಕೋಲು ಹಿಡಿದು ಹೋಗಿ ಬಿಟ್ಟು ಬಂದೆ. ದಾರಿಯಲ್ಲಿ ಮಳೆ ಇಲ್ಲದ ಮಾತು, ಮೊಳಕಾಲಿನ ಮಾತು ಆಡಿದೆವು.

ಏಪ್ರಿಲ್ ೧೦

ಬರೆಯುತ್ತೇನೆ. ಇಲ್ಲಿಯಾದರೂ.

ಅಂದು ಗುರುವಾರ, ವಾಡಿಯ ಸಂತೆ. ಲಾರಿ ತುಂಬಿಸಿ ಕೊಟ್ಟರೆ ಹೊತ್ತು ಮುಳುಗುವ ಮೊದಲು ಸಂತೆ ಮಾಡಿ ಬರಬಹುದಿತ್ತು. ಇನ್ನೊಂದು ಸಾಲು ಫರಸಿ ಬೇಕಾಗಿತ್ತು. ಬೆಳಿಗ್ಗೆ ಆ ಚಪ್ಪರವನ್ನು ಬಾರಿಸಿದ್ದೆ, ಖಣ್ ಎಂದಿತ್ತು. ಆಮೇಲೆ ಅದರ ಅಡಿಯಿಂದ ಎರಡು ಪದರು ತೆಗೆದಿದ್ದೆವು. ತೆಗೆದ ಮೇಲೆ ಮತ್ತೆ ಬಾರಿಸಬೇಕು. ಅದು ನಿಯಮ. ಸುತ್ತಿಗೆ ಲಾರಿಯ ಹತ್ತಿರ ಬಿಟ್ಟು ಬಂದಿದ್ದೆ. ಹೋಗಿ ತರಲು ಐವತ್ತು ಹೆಜ್ಜೆ. ಹಾರನ್ನು ಹೊಡೆಯುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಕಲ್ಲು ಗಟ್ಟಿಯೇ ಇರುತ್ತದೆ.

"ನಿಂತದ" ಎಂದು ಕೂಗಿದೆ.

ದಾನಮ್ಮ ತಲೆ ಎತ್ತಿ ನನ್ನ ಮೋರೆ ನೋಡಲಿಲ್ಲ. ನೋಡುವ ಪದ್ಧತಿಯೇ ಇಲ್ಲ. ಮಾತು ಕೇಳಿದರೆ ಸಾಕು. "ಬಂದೆ" ಎಂದಳು.

ಅವಳು ಹಟಮಾರಿ ಅಲ್ಲ. ಅವಳಂತೆ ಮಾತು ಕೇಳುವವಳನ್ನು ನಾನು ನೋಡಿಲ್ಲ. ಕೇಳಿದ್ದಕ್ಕೇ ಸತ್ತಳು.

ಏಪ್ರಿಲ್ ೧೪

ಬಾಬಾಸಾಹೇಬರ ಜಯಂತಿ. ಓಣಿ ತುಂಬ ನೀಲಿ ಬಾವುಟ. ಬುದ್ಧವಂದನೆಗೆ ಬಸ್ಸಮ್ಮ ಬಿಳಿ ಸೀರೆ ಉಟ್ಟು ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಂಚಶೀಲದಲ್ಲಿ ಸುಳ್ಳು ಹೇಳುವುದಿಲ್ಲ ಎನ್ನುವ ಶೀಲ ಬಂದಾಗ ಎಲ್ಲರ ಜೊತೆ ನನ್ನ ತುಟಿಯೂ ಆಡಿತು. ಅವಳು ಹಿಂದೆ ತಿರುಗಲಿಲ್ಲ. ತಿರುಗಿದ್ದರೆ ಅಲ್ಲಿಯೇ ಹೇಳಿಬಿಡುತ್ತಿದ್ದೆನೋ ಏನೋ. ಲಾಡು ಕೊಟ್ಟರು. ನನ್ನ ಲಾಡು ಲುಂಬಿನಿಗೆ ಕೊಟ್ಟೆ.

ಏಪ್ರಿಲ್ ೧೫

ಗಿರಣಿಗೆ ಹೋಗಿ ಹೇಳಿದೆ. ಸುತ್ತಿಗೆ ಎಲ್ಲಿತ್ತು ಎನ್ನುವುದರಿಂದ ಹಿಡಿದು ಎಲ್ಲ. ಬಸ್ಸಮ್ಮ ಗಿರಣಿಯ ಬೆಲ್ಟಿನ ಮೇಲೆ ಕೈಯಿಟ್ಟು ಕೇಳಿದಳು. ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನನಗೆ ತಿರುಗಿ ಬೈಯಲು ಬರುತ್ತದೆ.

"ಎರಡು ವರ್ಷ ನಿನ್ನ ತಾಟಿನ್ಯಾಗ ಉಂಡೀನಿ. ಅದು ಮಾಯಿ ಮಮತಿ ಅಂತ ತಿಳಿದಿದ್ದೆ."

"ಮಾಯಿನೂ ಇತ್ತವ್ವ."

"ಇರಬೇಕು." ಬೆಲ್ಟಿನ ಮೇಲಿನ ಕೈ ತೆಗೆದು, "ನಂಗ್ಯಾಕ ಹೇಳಾಕತ್ತಿ? ಸುಳ್ಳು ಎಲ್ಲಿ ಹೇಳಿದಿ ಖರೇನೂ ಅಲ್ಲೇ ಹೇಳು. ನಮ್ಮವ್ವನ ಹೆಸರು ಅವರ ಬಾಯಾಗದ, ನನ್ನ ಬಾಯಾಗಿಲ್ಲ," ಎಂದಳು.

ನಾನು ಹೊರಡುವಾಗ ಚಿಗವ್ವ ಎನ್ನಲಿಲ್ಲ. "ಮೆಟ್ಲು ನೋಡ್ಕೊಂಡು ಇಳೀರಿ" ಎಂದಳು. ಇಳೀರಿ. ಪರ ಊರಿನವರಿಗೆ ಅಂದಂತೆ.

ಏಪ್ರಿಲ್ ೧೭

ಹಳೆಯ ಮನೆ ಸೀರೆಯಲ್ಲೇ ಕೂತೆ. ಕಿಟಕಿಯ ಕಡೆ ಹೋಗಲಿಲ್ಲ. ಲುಂಬಿನಿ ಫೋನು ಹಿಡಿದಳು, ಮಧ್ಯದಲ್ಲಿ ಅವಳ ಕೈ ಇಳಿಯಿತು. "ಹಿಡಿ" ಎಂದೆ. ಬಾರಿಸಲಿಲ್ಲ ಎಂದು ಹೇಳಿದೆ. ದಾನಮ್ಮನ ತಪ್ಪಿಲ್ಲ, ದೆವ್ವ ಇಲ್ಲ, ದನಿ ಇಲ್ಲ ಎಂದು ಹೇಳಿದೆ. ಕಣ್ಣೀರು ಬರಬಾರದು ಎಂದು ಮೂಗು ಹಿಡಿದುಕೊಂಡು ಹೇಳಿದೆ.

ಏಪ್ರಿಲ್ ೧೯

ಒಂಬತ್ತು ಲಕ್ಷ.

"ಏನ್ ಬರ್ದಾರ?" ಎಂದು ಕೇಳಿದೆ. ಲುಂಬಿನಿ ಓದಲು ಒಲ್ಲೆ ಎಂದಳು. ಓದಿಸಿದೆ.

"ಎಂಥ ತಿರುವು." "ಅಜ್ಜಿಯೇ ವಿಲನ್ ಎಂದು ನಾನು ಮೊದಲೇ ಹೇಳಿದ್ದೆ." "ಹಾಗಾದರೆ ದಾನಮ್ಮ ಏರಿ ಬರುವುದು ಅಜ್ಜಿಯ ಮೇಲೆ ಸೇಡಿಗೆ." "ಎರಡನೆಯ ಭಾಗ ಯಾವಾಗ?" "ಮೂಗು ಹಿಡಿದುಕೊಂಡದ್ದು ಎಷ್ಟು ಚೆನ್ನಾಗಿ ಮಾಡಿದ್ದಾಳೆ." ಹೈದರಾಬಾದಿನವರೂ ಬರೆದಿದ್ದಾರೆ, ಕೊನೆಯಲ್ಲಿ ಮುದುಕಿಯನ್ನು ದೆವ್ವದ ಕೈಗೆ ಕೊಡೋಣ, ಮಂದಿ ಅದನ್ನೇ ಕೇಳುತ್ತಿದ್ದಾರೆ ಎಂದು.

"ನೀ ಏನಂದಿ ಅವರಿಗಿ?"

"ಇನ್ನಾ ಏನೂ ಅಂದಿಲ್ಲ."

"ಏನನ್ನಾಕಿ?"

"ಆಯಿ, ನಾನು ಬ್ಯಾಡ ಅಂದ್ರೂ ಅವರು ಕೇಳಲ್ಲ. ಮಂದಿ ಕಾಯ್ಲಿಕತ್ತಾರ. ಇದು ಬಿಟ್ರ ಸೇಡಂ ಶಾಲಿ. ಅಲ್ಲಿ ಹೋಗಿ ಎ ಫಾರ್ ಆ್ಯಪಲ್ ಅನ್ಲೇನ ಜಿಂದಗಿ ಪೂರಾ?"

"ದಾನಮ್ಮ ಎ ಫಾರ್ ಆ್ಯಪಲ್‌ಕಿಂತ ಸಸ್ತಾ ಆದಳೇನ ನಿನಗ?"

"ಮೊದಲ ಮಾರಾಟಕ್ಕಿಟ್ಟಾಕಿ ನೀನೇ," ಎಂದಳು.

ಸುಳ್ಳಲ್ಲ. ಆದರೂ ಕೈ ಎತ್ತಿದೆ. ಹೊಡೆಯಲಿಲ್ಲ.

ಏಪ್ರಿಲ್ ೨೧

ಲುಂಬಿನಿ ಬೆಳಗಿನ ಗಾಡಿಗೆ ಹೈದರಾಬಾದಿಗೆ ಹೋದಳು, ಆಟದ ಕೊನೆಯ ಕೆಲಸಕ್ಕೆ. ನನ್ನ ಪಾದ ಮುಟ್ಟಿ, ಮೋರೆ ನೋಡದೆ ಚೀಲ ಎತ್ತಿಕೊಂಡಳು. ನನ್ನದೆಂಬ ಫೋನು ಇಲ್ಲದ್ದರಿಂದ ಮಂದಿ ಏನೆನ್ನುತ್ತಿದ್ದಾರೋ ತಿಳಿಯುತ್ತಿಲ್ಲ. ಸೊಸೆಯ ಫೋನು ಎರಡು ಸಲ ಕೇಳಿದೆ. ಕಾಲಿನ ಔಷಧಿಯ ವೇಳೆ ನೋಡಲು.

ಏಪ್ರಿಲ್ ೨೪

ಲುಂಬಿನಿ, ಈ ಪುಸ್ತಕ ನಾಳೆ ನಿನ್ನ ಅಪ್ಪನ ಕೈಯಲ್ಲಿ ಬರುತ್ತದೆ. ಮೊದಲ ಪುಟದಲ್ಲಿ ಓದಬೇಡ ಎಂದವಳೇ ಈಗ ಓದು ಎನ್ನುತ್ತಿದ್ದೇನೆ. ಮೊದಲಿನಿಂದ ಓದು, ಹಾರಿಸಬೇಡ. ಫೋಟೊ ತೆಗೆದು ಯಾರಿಗೂ ತೋರಿಸಬೇಡ. ಇದು ನಿನ್ನೊಬ್ಬಳಿಗೆ.

ಖರೆಯನ್ನು ನಾನು ಬಾಯಿಂದ ಹೇಳಿ ನೋಡಿದೆ. ಅವರು ಅದನ್ನೂ ಚಪ್ಪರಿಸಿ ತಿಂದರು. ಅಲ್ಲಿ ಬಾಯಿಂದ ಹೇಳಿದ್ದೆಲ್ಲ ಕಥೆಯೇ ಆಗುತ್ತದೆ. ಆಟದಲ್ಲಿ ಮಾತ್ರ ಕೈ ಅವರದು. ಆದ್ದರಿಂದ ಹೇಳುತ್ತೇನೆ, ಗೇಮ್ ಮಾಡುವುದು ನನಗೆ ಬಾರದು, ಕಲ್ಲು ಗೊತ್ತು.

ದೆವ್ವ ತೆಗೆ. ದಾನಮ್ಮನ ಹೆಸರು ತೆಗೆದು ಬಸ್ಸಮ್ಮನಿಗೆ ತಿರುಗಿ ಕೊಡು. ಹಳೆಯ ಹೆಸರೇ ಇರಲಿ, "ನಿಂತದ". ಬೆಕ್ಕು ಬೇಕಾದರೆ ಇಟ್ಟುಕೋ, ಅದು ಯಾರಿಗೂ ಏನೂ ಮಾಡಿಲ್ಲ.

ಆ ಸ್ಕಿಪ್ ಗುಂಡಿಯನ್ನು ಮಾತ್ರ ತೆಗೆಯಬೇಡ. ಗಡಿಯಾರದವರಿಗೆ ನಾನು ಬೈದೆ, ಅವರಿಗಿಂತ ನಲವತ್ತು ವರ್ಷ ಮೊದಲೇ ಅದನ್ನು ಒತ್ತಿದವಳು ನಾನು. ಗುಂಡಿ ದೊಡ್ಡದಾಗಿಯೇ ಇರಲಿ, ಸುಲಭವಾಗಿ ಸಿಗಲಿ. ಒತ್ತಿದಾಗ ಒಂಬತ್ತು ಸಲ ಏನೂ ಆಗಬಾರದು. ಲಾರಿ ತುಂಬಲಿ, ಸಂತೆಗೆ ಹೋಗಲಿ. ಹತ್ತನೆಯ ಸಲ ಕೆಳಗಿನಿಂದ "ಬಂದೆ" ಎನ್ನುವ ದನಿ ಬರಬೇಕು, ಆಮೇಲೆ ಏನೂ ಬರಬಾರದು. ರಕ್ತ ತೋರಿಸಬೇಡ, ಸಂಗೀತ ಹಾಕಬೇಡ. ಒತ್ತಿದವಳಿಗೆ ಏನೂ ಆಗಬಾರದು. ಅವಳು ಮರುದಿನ ಕೆಲಸಕ್ಕೆ ಬರಬೇಕು, ಬಾರಿಸಬೇಕು, ಮಗನ ಮದುವೆ ಮಾಡಬೇಕು, ಮೊಮ್ಮಗಳನ್ನು ಎತ್ತಿ ಆಡಿಸಬೇಕು, ಮುದುಕಿಯಾಗಬೇಕು. ಪ್ರತಿದಿನ "ನಿಂತದ" ಎಂದು ಕೂಗಬೇಕು. ಕೆಳಗಿನಿಂದ ಉತ್ತರ ಬರಬಾರದು. ಆಟ ಮುಗಿಯಲೂ ಬಾರದು, ಅವರಾಗಿಯೇ ಎದ್ದು ಹೋಗುವವರೆಗೆ.

ಇಂಥ ಆಟ ಯಾರು ಆಡುತ್ತಾರೆ ಎನ್ನುತ್ತೀ. ನನಗೆ ಗೊತ್ತಿಲ್ಲ. ನಾನು ಆಡಿದ್ದೇನೆ.

ಹೈದರಾಬಾದಿನವರು ಒಪ್ಪದಿದ್ದರೆ ಎದ್ದು ಬಾ. ಸೇಡಂ ಶಾಲೆಯಿಂದ ಬಂದ ಮೇಲೆ ಸಂಜೆ ಕೂತು ಮಾಡು, ಐದು ವರ್ಷ ಹಿಡಿಯಲಿ. ನಾನು ಸತ್ತರೂ ಸುತ್ತಿಗೆ ಇರುತ್ತದೆ, ಸಪ್ಪಳ ಅದರೊಳಗೆ ಇದೆ. ಒಪ್ಪಿಕೊಂಡು ಅವರು ಹೇಳಿದ್ದನ್ನೇ ಮಾಡುತ್ತೇನೆ ಎಂದರೆ ಅದನ್ನೂ ಬರೆ, ಮುಚ್ಚಿಡಬೇಡ. ಒಂದು ಮನೆಯಲ್ಲಿ ಒಬ್ಬಳು ಮುಚ್ಚಿಟ್ಟದ್ದು ಸಾಕು.

ಫೋನಿನಲ್ಲಿ ಕಳಿಸಬೇಡ. ಈ ಪುಸ್ತಕದ ಮುಂದಿನ ಪುಟ ಖಾಲಿ ಬಿಟ್ಟಿದ್ದೇನೆ, ಅದರ ಮೇಲೆ ನಿನ್ನ ಕೈಯಿಂದ ಬರೆದು ಅಪ್ಪನ ಕೈಯಲ್ಲೇ ಕಳಿಸು. ಬಸ್ಸಮ್ಮ ಗಿರಣಿ ಮುಚ್ಚಿಕೊಂಡು ಕೂತಿದ್ದಾಳೆ, ನಾನು ಹೋಗಿ ಅವಳಿಗೆ ಓದಿ ಹೇಳಬೇಕು. ಮೇ ತಿಂಗಳು ಹುಟ್ಟುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು.